ಇನ್ನೊಂದೇ ಟೇಕ್

ಹೇಳಿಬಿಡಲೇ? ಹೇಳಿದರೆ ಏನಾದೀತು, ನಾಲ್ಕು ಮಾತು ಬೈದಾರು. ಹೇಳದಿದ್ದರೆ ಅಷ್ಟೂ ಇಲ್ಲ. ಹಾಗಂತ ಸುಮ್ಮನಿರುವುದೇ? ಸರ್ಕಾರಿ ಕಚೇರಿಯ ಮುಚ್ಚಿದ ಕಿಟಕಿಯ ಮುಂದೆ ಡೈರೆಕ್ಟರ್ ಹೀಗೆ ತೂಗಿ ನೋಡುತ್ತಿದ್ದಾಗ, ಅವನ ಅಪ್ಪ ಗಾಜನ್ನು ಮೂರನೆಯ ಸಲ ತಟ್ಟುತ್ತಿದ್ದರು. ಡೈರೆಕ್ಟರ್ ಎನ್ನುವುದು ಅಮ್ಮ ಇಟ್ಟ ಅಡ್ಡಹೆಸರು. ಅವನ ಹಿಂದಿನ ಸಿನಿಮಾ ನೋಡಿದವರು ಹನ್ನೊಂದು ಜನ. ಅವರಲ್ಲಿ ಇಬ್ಬರು ಬಾಗಿಲು ತಪ್ಪಿ ಒಳಗೆ ಬಂದವರು.

ಗಾಜು ಒಂದು ಗೇಣು ಸರಿಯಿತು. ಗುಮಾಸ್ತನ ಬಾಯಲ್ಲಿ ತುತ್ತು ಇತ್ತು.

"ಅರ್ಜಿ ತಗೊಳ್ಳೋದು ಒಂದು ಗಂಟೆವರೆಗೆ. ಈಗ ಒಂದೂವರೆ."

"ಏನ್ ಸ್ವಾಮಿ, ಹೊರಟಾಗ ನಮ್ಮಂಗಡೀಲಿ ಇನ್ನೂ ಹನ್ನೆರಡು ಗಂಟೆ! ಹತ್ತು ನಿಮಿಷದ ದಾರಿ ಇದು."

"ಹಾಗಿದ್ರೆ ಅರ್ಜೀನೂ ನಿಮ್ಮಂಗಡೀಲೇ ಕೊಡಿ." ಗಾಜು ಮುಚ್ಚಿಕೊಂಡಿತು.

ಅಪ್ಪ ದರ್ಜಿ. ಇಪ್ಪತ್ತಾರು ವರ್ಷದ ಹಿಂದೆ ಗಡಿ ದಾಟಿ ಈ ದೇಶಕ್ಕೆ ಬಂದಾಗ, ಯಾರಿಗೂ ಬೇಡವಾಗಿದ್ದ ಬೀದಿಯಲ್ಲಿ ಅಂಗಡಿ ಹಿಡಿದವರು. ಈಗ ಆ ಬೀದಿ ಎಲ್ಲರಿಗೂ ಬೇಕಾಗಿತ್ತು. ಪಕ್ಕದ ಚಪ್ಪಲಿ ಹೊಲಿಯುವವನು ಹೋಗಿ, ನಾಯಿಗಳಿಗೆ ಕ್ಷೌರ ಮಾಡುವ ಗಾಜಿನ ಅಂಗಡಿ ಬಂದಿತ್ತು. ದರ್ಜಿಗೂ ಖಾಲಿ ಮಾಡಲು ಮಾಲೀಕನ ನೋಟಿಸು ಬಂದಿತ್ತು. ತಕರಾರು ಅರ್ಜಿ ಕೊಡಲು ಇಂದೇ ಕೊನೆಯ ದಿನ. ತಪ್ಪಿದರೆ ತಿಂಗಳ ಕೊನೆಗೆ ಬೀಗ. ಡೈರೆಕ್ಟರ್ ಇದನ್ನೇ ಸಿನಿಮಾ ಮಾಡುತ್ತಿದ್ದ, ಅಪ್ಪ ಅಮ್ಮನನ್ನೇ ಹಾಕಿಕೊಂಡು. ಬೇರೆ ನಟರಾದರೆ ಅವರಿಗೆ ಅವನು ಊಟ ಹಾಕಬೇಕು. ಇವರು ಅವನಿಗೇ ಊಟ ಹಾಕುತ್ತಿದ್ದರು.

ಇವತ್ತಿನದು ಅಪ್ಪ ನೋಟಿಸು ಓದುವ ದೃಶ್ಯ. ಅದರ ಅರ್ಧವನ್ನು ನಿನ್ನೆ ಹತ್ತು ಗಂಟೆಗೆ ತೆಗೆದಾಗಿತ್ತು. ಇವತ್ತು ಶುರು ಮಾಡುವಷ್ಟರಲ್ಲಿ ಹನ್ನೊಂದು ಇಪ್ಪತ್ತು. ಎರಡೂ ತುಂಡು ಹೊಂದಬೇಕಲ್ಲ. ಅಪ್ಪ ನಿನ್ನೆಯ ಅಂಗಿಯನ್ನೇ ತೊಡಲು ಒಳಗೆ ಹೋದಾಗ, ಅವನು ಇಸ್ತ್ರಿ ಮೇಜು ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ಹತ್ತಕ್ಕೆ ತಿರುಗಿಸಿದ. ಫೋನುಗಳು ಸದ್ದು ಮಾಡದಂತೆ ಆರಿಸಿ ಗುಂಡಿಯ ಡಬ್ಬಿಗೆ ಹಾಕಿದ. ಪ್ರತಿ ಟೇಕ್ ಮುಗಿದಾಗಲೂ ಅಪ್ಪ ಗೋಡೆ ನೋಡಿ, "ಟೈಮ್ ಇದೆ, ಇನ್ನೊಂದ್ಸಲ ಮಾಡ್ಕೋ" ಅನ್ನುತ್ತಿದ್ದರು.

"ಅಪ್ಪಾ," ಅಂದ ಕೊನೆಗೆ. "ಗಡಿಯಾರ ನಾನೇ ಹಿಂದಕ್ಕೆ ತಿರುಗಿಸಿದ್ದೆ. ನಿನ್ನೆ ಶಾಟಿಗೆ ಹೊಂದ್ಲಿ ಅಂತ. ಆಮೇಲೆ ಮರೆತೇಬಿಟ್ಟೆ."

ಪಕ್ಕದಲ್ಲೇ ನಿಂತಿದ್ದ ಅಮ್ಮ ಸೊಂಟಕ್ಕೆ ಕೈಯಿಟ್ಟಳು. "ನಿಮ್ಮಪ್ಪ ಸಾಲದು ಅಂತ ಗಡಿಯಾರದ ಕೈಲೂ ಆಕ್ಟಿಂಗ್ ಮಾಡಿಸ್ದ್ಯಾ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನಿನ್ನಿಂದ ಊರಿಗೂ ಅಂಥಾ ಉಪಕಾರ ಏನೂ ಕಾಣೆ!"

ಅಪ್ಪ ಅರ್ಜಿಯನ್ನು ಬಟ್ಟೆ ಮಡಚಿದ ಹಾಗೆ ಅಂಚಿಗೆ ಅಂಚು ಹೊಂದಿಸಿ ಮಡಚಿದರು.

"ಬಿಡೇ, ಬೇಕಂತ ಮಾಡಿದ್ನಾ? ಕೆಲಸದಲ್ಲಿ ಮುಳುಗಿದ್ರೆ ಹಾಗೇ. ನಾನೂ ಒಂದ್ಸಲ ಮದುಮಗನ ಕೋಟಿಗೆ ಎರಡೂ ಎಡಗೈ ತೋಳೇ ಹೊಲಿದಿದ್ದೆ." ಆಮೇಲೆ ಮಗನ ಕಡೆ ತಿರುಗಿ, "ಶಾಟಾದ್ರೂ ಚೆನ್ನಾಗಿ ಬಂತಾ?" ಎಂದು ಕೇಳಿದರು.

"ಬಂತಪ್ಪ. ಐದನೇದು."

ಮೂರನೆಯ ಟೇಕಿನಲ್ಲೇ ಅವನಿಗೆ ಗಡಿಯಾರ ನೆನಪಾಗಿತ್ತು. ಆಗಿನ್ನೂ ಹನ್ನೆರಡೂವರೆ. ಅಪ್ಪನ ಮುಖದ ಮೇಲೆ ಬೆಳಕು ಚೆನ್ನಾಗಿ ಬಿದ್ದಿತ್ತು. ಅದಕ್ಕೇ ಸುಮ್ಮನಿದ್ದ. ಅದೊಂದನ್ನು ಅವನು ಹೇಳಲಿಲ್ಲ.