ಗೆರೆಯಲ್ಲೊಂದು ಉಬ್ಬು

ಪರದೆಯ ಮೇಲೆ ನುಣ್ಣಗೆ ಏರುತ್ತಿದ್ದ ಗೆರೆ ಇದ್ದಕ್ಕಿದ್ದಂತೆ ಉಬ್ಬಿತು. ಸಂಶೋಧಕಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಪಕ್ಕದಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ ಗಂಡನೂ ಅದನ್ನು ನೋಡಿದ. ಹರಳನ್ನು ತಣ್ಣಗೆ ಮಾಡುತ್ತ ಅದರ ಕಾಂತಗುಣ ಅಳೆಯುವ ಈ ಯಂತ್ರವೂ ಸೇರಿ ಆ ಪ್ರಯೋಗಾಲಯದ ಯಂತ್ರಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು.

ಅವಳು ಬೆಳೆಸಿದ ಹಸಿರು ಹರಳಿನೊಳಗೆ ಪರಮಾಣುಗಳು ಮೂರು ಮೂರಾಗಿ ತ್ರಿಕೋನ ಕಟ್ಟಿಕೊಂಡು ಕೂತಿದ್ದವು. ಒಂದೊಂದೂ ಪುಟಾಣಿ ಅಯಸ್ಕಾಂತ; ಪಕ್ಕದ್ದು ಮೇಲೆ ನೋಡಿದರೆ ತಾನು ಕೆಳಗೆ ನೋಡಬೇಕೆಂಬ ಹಟ. ಎರಡಿದ್ದರೆ ಹೇಗೋ ಹೊಂದಿಕೊಂಡಾವು, ಮೂರಿದ್ದರೆ ಒಂದಕ್ಕೆ ಯಾವ ಕಡೆ ತಿರುಗಿದರೂ ಇಕ್ಕಟ್ಟೇ. ಹಾಗಾಗಿ ಎಷ್ಟೇ ತಣ್ಣಗೆ ಮಾಡಿದರೂ ಇವು ಒಂದು ನೆಲೆಗೆ ನಿಲ್ಲುವುದಿಲ್ಲ ಎನ್ನುವುದು ಅವಳ ವಾದ. ಅವಳ ಸಂಶೋಧನೆಗೆ ಮಾರ್ಗದರ್ಶಕರಾದ ಗುರುಗಳು ಅದನ್ನೇ ನಂಬಿ ಪ್ರಬಂಧ ಕಳಿಸಲು ತಯಾರಾಗಿದ್ದರು. ಉಬ್ಬು ಬಂದರೆ ಅವು ನಿಂತುಬಿಟ್ಟಿವೆ ಎಂದರ್ಥ. ವರ್ಷಗಟ್ಟಲೆಯ ದುಡಿಮೆ ನೀರುಪಾಲು.

"ಯಂತ್ರದೊಳಗೆ ಗಾಳಿ ಸೇರಿದ್ರೂ ಹೀಗಾಗುತ್ತೆ," ಅವಳು ಮೆಲ್ಲಗೆ ಅಂದಳು. "ಗಾಳಿಯಲ್ಲಿರೋ ಆಮ್ಲಜನಕ ಹೆಪ್ಪುಗಟ್ಟಿದ್ರೆ ಅದೂ ಇದೇ ಆಟ ಆಡುತ್ತೆ."

"ನನ್ನ ಯಂತ್ರ ಸೋರಲ್ಲ." ಸ್ಪ್ಯಾನರ್ ಮೇಜಿನ ಮೇಲೆ ಟಣ್ ಎಂದಿತು. "ಗಾಳಿ ನುಗ್ಗದ ಹಾಗೆ ಸೀಲು ನಾನೇ ಹಾಕಿದ್ದು."

"ಹರಳು ನಾನೇ ಬೆಳೆಸಿದ್ದು."

ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಉಂಡರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರಲ್ಲಿ ಒಬ್ಬರ ಕೆಲಸ ಕೆಟ್ಟಿದೆ. ಯಾರದೆಂದು ತಿಳಿಯುವ ಧೈರ್ಯ ಇಬ್ಬರಿಗೂ ಇಲ್ಲ. ಕೊನೆಗೆ ಡಬ್ಬಿಯ ಮುಚ್ಚಳ ಒತ್ತುತ್ತ ಅವನೇ ಬಾಯಿಬಿಟ್ಟ.

"ಹರಳು ತೆಗೆದುಬಿಡು. ಅದನ್ನಿಟ್ಟಿದ್ದ ಕೊಳವೆ ಮಾತ್ರ ಇಳಿಸಿ ನೋಡೋಣ. ಆಗ್ಲೂ ಉಬ್ಬು ಬಂದ್ರೆ ತಪ್ಪು ನನ್ನ ಯಂತ್ರದ್ದು."

"ಉಬ್ಬು ಬರದಿದ್ರೆ?"

"ಸಂಜೆ ಅಡುಗೆ ನಾನು ಮಾಡ್ತೀನಿ. ಯಾರ ಮೇಲಾದ್ರೂ ರೇಗೋಕೆ ನಿಂಗೊಂದು ನೆಪ ಬೇಕಲ್ಲ."

ಅವಳು ನಗಲಿಲ್ಲ. ಚಿಮಟದಲ್ಲಿ ಹರಳನ್ನು ಎತ್ತಿ ಗಾಜಿನ ಬಟ್ಟಲಿಗಿಟ್ಟಳು. ಖಾಲಿ ಕೊಳವೆ ಒಳಗಿಳಿಯಿತು. ಯಂತ್ರ ತಣ್ಣಗಾದಂತೆ ಪರದೆಯ ಮೇಲೆ ಚುಕ್ಕಿಯ ಪಕ್ಕ ಚುಕ್ಕಿ ಮೂಡತೊಡಗಿತು. ಅದನ್ನು ನೋಡಲಾರದೆ ಅವಳು ಗಂಡನ ಮುಖವನ್ನೇ ನೋಡುತ್ತ ಕುಳಿತಳು. ಮೊದಲು ಅವನ ಹುಬ್ಬು ಗಂಟಿಕ್ಕಿತು. ಆಮೇಲೆ ನಿಧಾನವಾಗಿ ಮುಖವೆಲ್ಲ ಅರಳಿತು. ತಿರುಗಿ ನೋಡಿದರೆ, ಹರಳೇ ಇಲ್ಲದ ಕೊಳವೆಯಲ್ಲೂ ಅದೇ ಜಾಗದಲ್ಲಿ ಅದೇ ಉಬ್ಬು.

ಸೀಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು. ಹೊಸದು ಹಾಕಿ ಹರಳನ್ನು ಮತ್ತೆ ಇಳಿಸಿದಾಗ ಗೆರೆ ಎಲ್ಲೂ ಎಡವದೆ ಕೊನೆಯವರೆಗೂ ಹೋಯಿತು. ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಗುರುಗಳು ಬಾಗಿಲಲ್ಲಿ ನಿಂತಿದ್ದರು. "ಏನೋ ಉಬ್ಬು ಬಂತಂತಲ್ಲ. ಯಾರದು ತಪ್ಪು?"

ಅವಳು ಕಣ್ಣು ಬಿಡುವಷ್ಟರಲ್ಲಿ ಗಂಡ ಎದ್ದು ನಿಂತಿದ್ದ.

"ನಂದು ಸರ್. ಪೂರ್ತಿ ನಂದೇ," ಎಂದ, ಬಹುಮಾನಕ್ಕೆ ಹೆಸರು ಕೂಗಿಸಿಕೊಂಡವನ ಹಾಗೆ ಹಲ್ಲುಬಿಡುತ್ತ.