ಅತಿಥಿಯ ಕೈಲಿ ಫೋನು

ಹಿಟ್ಟಿನ ಮೂಟೆಗಿಂತ ಮೊದಲು ಫೋನು ಹೊಸ್ತಿಲು ದಾಟಿತು. ಎರಡನ್ನೂ ಹೊತ್ತು ತಂದವನು ಅಬ್ರೋರ್. ಮರ್ಗಿಲಾನ್ ಪಟ್ಟಣದ ಬಡವರಿಗೆ ದಾನ ತಲುಪಿಸುವುದು, ತಲುಪಿಸಿದ್ದನ್ನು ವಿಡಿಯೊ ಮಾಡಿ ಊರಿಗೆಲ್ಲ ತೋರಿಸುವುದು ಅವನ ಕಸುಬು.

"ಅಕ್ಕಾ, ಯಜಮಾನ್ರು ಹೋದ್ಮೇಲೆ ಎಷ್ಟು ಕಷ್ಟ ಆಯ್ತು ಅಂತ ಎರಡು ಮಾತು ಹೇಳಿ."

ಜುಲ್ಹುಮೊರ್ ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದಳು. ಗುರುವಾರ ಮಗಳು ನಫೋಸತಳನ್ನು ನೋಡಲು ಕೋಕಂದ್ ಊರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹೆಣ್ಣು ಕೇಳುವವರು ಮೊದಲು ಅಂಗಳದ ಕಸ ನೋಡುತ್ತಿದ್ದ ಕಾಲ ಹೋಯಿತು, ಈಗ ಮೊದಲು ಫೋನು ನೋಡುತ್ತಾರೆ. ದಾನದ ಮೂಟೆಯ ಪಕ್ಕ ತಾಯಿಯ ಮುಖ ಕಂಡರೆ ಆ ಸಂಬಂಧಕ್ಕೆ ಎಳ್ಳುನೀರು ಬಿಟ್ಟಂತೆಯೇ.

"ಫೋನು ಇಳಿಸಪ್ಪಾ. ಇಲ್ಲಾಂದ್ರೆ ಮೂಟೆ ವಾಪಸ್ ತಗೊಂಡ್ಹೋಗು."

"ವಿಡಿಯೊ ಇಲ್ದೆ ಹೋದ್ರೆ ಕೊಟ್ಟೋರು ನನ್ನೇ ಕಳ್ಳ ಅಂತಾರೆ. ಮುಖ ತೋರಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ ಅಕ್ಕಾ?"

"ಮುಖ ನಂದಲ್ವಾ, ನಿಂಗೆ ಹೇಗೆ ಗೊತ್ತಾಗುತ್ತೆ."

ಅವನು ಕದಲಲಿಲ್ಲ. ಅವನನ್ನು ಹೊರಗೆ ದಬ್ಬುವಂತೆಯೂ ಇರಲಿಲ್ಲ. ಒಳಗೆ ಕಾಲಿಟ್ಟವನು ಅತಿಥಿ. ಅತಿಥಿಯ ಮುಂದೆ ರೊಟ್ಟಿ ಮುರಿಯದೆ ಕಳಿಸಿದ ಮನೆ ಎಂಬ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಡ. ಯೋಚಿಸುತ್ತ ನಿಂತ ಜುಲ್ಹುಮೊರ್‌ಗೆ ಅದರಲ್ಲೇ ಒಂದು ದಾರಿ ಕಂಡಿತು.

"ಆಯ್ತು, ತೆಗಿ. ನಾನು ಕೊಡೋದನ್ನ ತೆಗಿ, ಇಸ್ಕೊಳ್ಳೋದನ್ನಲ್ಲ. ಮೂಟೆ ಗಾಡೀಲಿಟ್ಟು ಬಾ, ಅದನ್ನ ಬೇರೆಯೋರಿಗೆ ಕೊಡು. ನಫೋಸತ್, ಗುರುವಾರಕ್ಕೆ ಇಟ್ಟಿದ್ದೆಲ್ಲ ತಗೊಂಡು ಬಾ."

"ಇರೋದೇ ಎರಡು ರೊಟ್ಟಿ ಅಮ್ಮಾ," ಮಗಳು ಪಿಸುಗುಟ್ಟಿದಳು.

"ಎರಡೂ ತಾ. ಒಂದೇ ಇಟ್ರೆ ನೋಡಿದೋರು ಏನಂತಾರೆ?"

ಅಬ್ರೋರ್ ಮೂಟೆ ಗಾಡಿಗಿಟ್ಟು ಬರುವಷ್ಟರಲ್ಲಿ ಹಾಸಿನ ಮೇಲೆ ರೊಟ್ಟಿಯ ಜೊತೆ ಬಾದಾಮಿ, ಒಣದ್ರಾಕ್ಷಿ, ಜರ್ದಾಳು ಬಂದವು. ಜುಲ್ಹುಮೊರ್ ಬೆನ್ನು ನೆಟ್ಟಗೆ ಮಾಡಿ ಕೂತು, ಗೌರವದ ಅತಿಥಿಗೆ ಸುರಿಯುವಂತೆ ಬಟ್ಟಲಿಗೆ ಅರ್ಧವೇ ಚಹಾ ಸುರಿದಳು, ರೊಟ್ಟಿ ಮುರಿದು ಅವನ ಕಡೆ ಸರಿಸಿದಳು. ಅಬ್ರೋರ್ ಒಂದು ಕೈಯಲ್ಲಿ ತಿಂದ, ಇನ್ನೊಂದರಲ್ಲಿ ಫೋನು ಹಿಡಿದ. ಚೆನ್ನಾಗಿಯೇ ತಿಂದ. ಅವನು ಹೋದ ಮೇಲೆ ತಾಯಿ ಮಗಳು ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಜುಲ್ಹುಮೊರ್‌ಗೆ ಗೆದ್ದ ಸಂತೋಷ.

ಬುಧವಾರ ಕೋಕಂದಿನಿಂದ ಕರೆ ಬಂತು. ನಾಳೆ ಬರಲು ಆಗುತ್ತಿಲ್ಲ, ಮುಂದೆಂದಾದರೂ ನೋಡೋಣ ಎಂದಷ್ಟೇ ಹೇಳಿ ಫೋನು ಇಟ್ಟರು.

ನಫೋಸತ್ ಪಕ್ಕದ ಮನೆಯವಳ ಫೋನು ಇಸಕೊಂಡು ಬಂದಳು. ವಿಡಿಯೊದಲ್ಲಿ ಮೂಟೆ ಇರಲಿಲ್ಲ. ಜುಲ್ಹುಮೊರ್ ಸಿರಿವಂತರ ಮನೆಯವಳಂತೆ ನಗುತ್ತ ಚಹಾ ಸುರಿಯುತ್ತಿದ್ದಳು. ಎರಡು ಲಕ್ಷ ಜನ ಅದನ್ನು ನೋಡಿದ್ದರು.

"ಮತ್ತೆ ತಪ್ಪೇನಾಯ್ತೇ? ಕೆಳಗೆ ಏನೋ ಬರ್ದಿದಾನಲ್ಲ, ಓದು."

ನಫೋಸತ್ ಓದಿದಳು. "ಗಂಡನಿಲ್ಲದ ಈ ತಾಯಿ ಮನೆಯಲ್ಲಿದ್ದ ಕೊನೆಯ ರೊಟ್ಟಿಯನ್ನೂ ನನ್ನ ಮುಂದಿಟ್ಟಳು."

ಜುಲ್ಹುಮೊರ್ ನಾಚಿಕೆಯಿಂದ ಕೆಂಪಾದಳು.

"ಕೊನೇದು ಅಂತ ಅವನಿಗೆ ಹೇಳಿದ್ದು ಯಾರೇ? ನೀನಾ?"

ಮಗಳು ಅವನ ಹಳೆಯ ವಿಡಿಯೊಗಳನ್ನು ಒಂದೊಂದಾಗಿ ಸರಿಸುತ್ತ ಹೋದಳು.

"ಯಾರೂ ಹೇಳಿಲ್ಲಮ್ಮಾ. ಎಲ್ಲರ ಮನೆ ವಿಡಿಯೊ ಕೆಳಗೂ ಇದನ್ನೇ ಬರ್ದಿದಾನೆ."