ಗೇರ್ ಇಲ್ಲದ ಗಾಡಿ

ಬಲೂನು ಒಡೆಯುವ ಆಟ ಶುದ್ಧ ದಂಡ ಎಂದು ಬಸ್ ಡ್ರೈವರ್ ತೀರ್ಪು ಕೊಟ್ಟ. ಗಾಳಿ ತುಂಬಿದ್ದನ್ನು ಒಡೆಯಲು ಏನು ಬುದ್ಧಿ ಬೇಕು? ಆಸ್ಪತ್ರೆಯ ಗೋಡೆಗೆ ತೂಗುಹಾಕಿದ್ದ ಪರದೆಯಲ್ಲಿ ಬಲೂನುಗಳು ಒಂದೊಂದಾಗಿ ಮೇಲೇರಿ ಮಾಯವಾದವು. ಅವುಗಳನ್ನು ಒಡೆಯಬೇಕಿದ್ದ ಎಡಗೈ, ಯಾರೋ ಇಟ್ಟು ಮರೆತುಹೋದ ಸಾಮಾನಿನ ಹಾಗೆ ಅವನ ತೊಡೆಯ ಮೇಲೆ ಬಿದ್ದಿತ್ತು.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಪರದೆ ನೋಡುತ್ತಿರಲಿಲ್ಲ. ಅವಳ ಕಣ್ಣೆಲ್ಲ ಆ ಕೈಯ ಮೇಲೆ. ಪಾರ್ಶ್ವವಾಯು ಬಡಿದಾಗಿನಿಂದ ಅದು ತಾನಾಗಿ ಅಲುಗಿರಲಿಲ್ಲ. ಇವತ್ತೂ ಅಲುಗದಿದ್ದರೆ ಎಡಗೈಯ ವ್ಯಾಯಾಮ ನಿಲ್ಲಿಸಿ, ಎಲ್ಲವನ್ನೂ ಬಲಗೈಯಲ್ಲೇ ಮಾಡಿಕೊಳ್ಳುವುದನ್ನು ಕಲಿಸೋಣ ಎಂದು ದೊಡ್ಡ ಡಾಕ್ಟರು ಅವಳೊಬ್ಬಳನ್ನೇ ಕರೆದು ಹೇಳಿದ್ದರು. ಬೆಳಿಗ್ಗೆ ಗಂಡನ ಅಂಗಿಗೆ ಗುಂಡಿ ಹಾಕುವಾಗ ಹೇಳಿಬಿಡೋಣವೆಂದು ಬಾಯಿ ತೆರೆದಿದ್ದಳು. ಅವನು ಎಂದಿನಂತೆ ಮೇಲಿನ ಫ್ಯಾನು ನೋಡುತ್ತ ನಿಂತಿದ್ದ. ಹೇಳದೆಯೇ ಕೊನೆಯ ಗುಂಡಿ ಹಾಕಿದಳು.

ವ್ಯಾಯಾಮ ಮಾಡಿಸುವ ಹುಡುಗಿ ತಂದು ಹಾಕಿದ ಆಟಗಳಲ್ಲಿ ಅವನ ಮನಸ್ಸಿಗೆ ಬಂದದ್ದು ಒಂದೂ ಇಲ್ಲ. ಹಣ್ಣು ಕತ್ತರಿಸುವ ಆಟದಲ್ಲಿ ತಿನ್ನಲು ಒಂದು ಹೋಳೂ ಸಿಗುವುದಿಲ್ಲ. ಹಾವಿನ ಆಟ ಪರವಾಗಿಲ್ಲ, ಆದರೆ ತಿಂದೂ ತಿಂದೂ ಕೊನೆಗೆ ತನ್ನ ಬಾಲವನ್ನೇ ಕಚ್ಚಿಕೊಳ್ಳುವ ಜಾತಿಯನ್ನು ಡಿಪೋದಲ್ಲೇ ಸಾಕಷ್ಟು ನೋಡಿಯಾಗಿದೆ. ಇಟ್ಟಿಗೆ ಜೋಡಿಸುವ ಆಟ ಬಸ್ಸಿನ ತಲೆಯ ಮೇಲೆ ಸಾಮಾನು ಹೇರಿದಂತಿದ್ದು ಸ್ವಲ್ಪ ಹಿಡಿಸಿತ್ತು. ಸಾಲು ತುಂಬಿದ ಕೂಡಲೇ ಅದು ಮಾಯವಾಗುವುದನ್ನು ಕಂಡು ಅದನ್ನೂ ಬಿಟ್ಟ. ಟ್ರಂಕಿನವರು ಇಳಿಯುವಾಗ ಕೇಳಿದರೆ ಕಂಡಕ್ಟರ್ ಏನು ಹೇಳಬೇಕು? ಬಂದೂಕಿನ ಆಟದಲ್ಲಿ ಸತ್ತವನು ಎದ್ದು ಮತ್ತೆ ಓಡಿದಾಗ ಮಾತ್ರ ಅವನು ತಮಾಷೆ ಮಾಡಿರಲಿಲ್ಲ. ಸಾಯುವುದಕ್ಕೂ ಒಂದು ಮರ್ಯಾದೆ ಬೇಕು ಎಂದಿದ್ದ.

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದಳು ಹೆಂಡತಿ.

“ನೆಲ ಡೊಂಕೇ ಇರ್ಲಿ ಕಣೇ, ಓಡಿಸ್ತೀನಿ. ಮೊದ್ಲು ರಸ್ತೆ ಕೊಡಿ.”

“ರಸ್ತೇನೇ ತಂದಿದೀನಿ ಡ್ರೈವರ್ ಸಾಹೇಬ್ರೇ,” ಎಂದು ಹುಡುಗಿ ಮೇಜಿಗೆ ಒಂದು ಸ್ಟೇರಿಂಗ್ ಬಿಗಿದು, ಅವನ ಬಲಗಾಲಿನ ಕೆಳಗೆ ಬ್ರೇಕಿನ ಪೆಡಲು ಇಟ್ಟಳು. ಅವನ ಎರಡೂ ಕೈಯನ್ನು ಎತ್ತಿ ಅದರ ಮೇಲಿಟ್ಟಳು. ಎಡಗೈ ಜಾರಿ ತೊಡೆಗೆ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು.

“ಇರ್ಲಿ ಬಿಡಮ್ಮ, ಅದು ಪ್ಯಾಸೆಂಜರ್,” ಎಂದ.

ಪರದೆಯಲ್ಲಿ ಬಸ್ಸು ಹೊರಟಿತು. ಹಾರನ್ ಸದ್ದು ಕೋಳಿಮರಿಯದು ಎಂದು ಶುರುವಾಯಿತು ಅವನ ಟೀಕೆ. ಚಿತ್ರದ ಹೆಂಗಸೊಬ್ಬಳು ರಸ್ತೆ ದಾಟುವಾಗ ಬ್ರೇಕು ಒತ್ತಿ ಕಾದು ಕೂತ. ಹಿಂದಿನ ಗಾಡಿಗಳೆಲ್ಲ ಮುಂದೆ ಹೋದವು. ಕಾದರೆ ಅಂಕ ಹೋಗುತ್ತದೆ ಎಂದು ಹುಡುಗಿ ಹೇಳಿದಳು. ಹೋದರೆ ಹೋಗಲಿ, ಹೆಂಗಸು ಉಳಿದಳಲ್ಲ ಎಂದ. ಆಮೇಲೆ ಗೇರ್ ಎಲ್ಲಿ ಎಂದು ಕೇಳಿದ.

“ಇದ್ರಲ್ಲಿ ಗೇರ್ ಇಲ್ಲ. ಅದೇ ಬದಲಾಯಿಸ್ಕೊಳ್ಳುತ್ತೆ.”

“ಗೇರ್ ಇಲ್ದೇ ಇರೋದು ಗಾಡೀನಾ? ಉಯ್ಯಾಲೆ.”

ಅಷ್ಟರಲ್ಲಿ ರಸ್ತೆ ತಿರುಗಿ ಏರತೊಡಗಿತು. ಎಂಜಿನ್ನಿನ ಸದ್ದು ಕುಗ್ಗಿ ದಪ್ಪವಾಯಿತು. ಅವನ ಮಾತು ನಿಂತಿತು. ಕಿವಿ ಕೊಟ್ಟು ಕೇಳುತ್ತ ಕೊಂಚ ಮುಂದಕ್ಕೆ ಬಾಗಿದ. ಎಡಗಾಲು ಕ್ಲಚ್ ತುಳಿಯುವಂತೆ ನೆಲವನ್ನು ಒತ್ತಿತು. ಕಾಲು ಮೊದಲೇ ಸುಧಾರಿಸಿತ್ತು, ಅದೇನೂ ದೊಡ್ಡದಲ್ಲ. ಆದರೆ ತೊಡೆಯ ಮೇಲಿದ್ದ ಕೈ ಎದ್ದಿತು. ನಿಧಾನವಾಗಿ ಕುರ್ಚಿಯ ಪಕ್ಕಕ್ಕೆ, ಏನೂ ಇಲ್ಲದ ಕಡೆಗೆ ಚಾಚಿತು. ಬೆರಳುಗಳು ಮಡಿಚಿಕೊಂಡು ಬರಿಯ ಗಾಳಿಯನ್ನು ಹಿಡಿದು, ಹಿಂದಕ್ಕೆ ಎಳೆದವು.

ಹುಡುಗಿ ಏನೋ ಹೇಳಲು ಹೊರಟಳು. ಹೆಂಡತಿ ಅವಳ ಮಣಿಕಟ್ಟು ಹಿಡಿದು ಬೇಡವೆಂದು ತಲೆಯಾಡಿಸಿದಳು.

ಬಸ್ಸು ತುದಿ ಮುಟ್ಟಿತು. ಕೈ ತೊಡೆಗೆ ಮರಳಿತು. ಅವನ ದೃಷ್ಟಿ ಪರದೆಯಿಂದ ಅಲುಗಿರಲಿಲ್ಲ.

“ನೋಡಿದ್ರಾ, ಏದುಸಿರು ಬಿಟ್ಕೊಂಡು ಹತ್ತಿತು. ಸೆಕೆಂಡ್ ಗೇರಿಗೆ ಹಾಕಿದ್ರೆ ಸಲೀಸಾಗಿ ಹತ್ತೋದು. ಇದೂ ದಂಡ. ತೆಗೆದುಬಿಡಮ್ಮ.”

ಹುಡುಗಿ ಹೆಂಡತಿಯ ಮುಖ ನೋಡಿದಳು. ಹೆಂಡತಿ ಹಿಡಿದಿದ್ದ ಮಣಿಕಟ್ಟು ಬಿಟ್ಟಳು.

“ಇನ್ನೂ ಏರು ಇರೋ ರಸ್ತೆ ಇದ್ರೆ ಹಾಕಮ್ಮ,” ಎಂದಳು.